ಸಮವಸ್ತ್ರವೂ ಸಂಧಾನವೂ

ವೈರಿಗಳು ಒಂದೇ ನೌಕೆಯಲ್ಲಿ ಪಯಣಿಸಬೇಕಾದಾಗ ಅವರ ನಡುವೆ ಹುಟ್ಟುವುದು ಸಂಧಾನವೋ, ಬರಿಯ ಹೊಂದಾಣಿಕೆಯೋ? ಅಮೆರಿಕದಲ್ಲಿ 1995ರಿಂದ 2001ರವರೆಗೆ ಪ್ರಸಾರವಾದ ‘ಸ್ಟಾರ್ ಟ್ರೆಕ್: ವಾಯೇಜರ್’ ಎಂಬ ವೈಜ್ಞಾನಿಕ ಕಥಾಸರಣಿ ಈ ಪ್ರಶ್ನೆಯನ್ನು ಎತ್ತುತ್ತದೆ; ಆದರೆ ಉತ್ತರಿಸಲು ಹಿಂಜರಿಯುತ್ತದೆ.

ಗ್ರಹಗಳ ಒಕ್ಕೂಟವು ಶಾಂತಿ ಒಪ್ಪಂದವೊಂದರಲ್ಲಿ ತನ್ನ ಕೆಲವು ನೆಲೆಗಳನ್ನು ಕಾರ್ಡೇಸಿಯನ್ನರಿಗೆ ಬಿಟ್ಟುಕೊಟ್ಟಿತು. ಅದನ್ನೊಪ್ಪದೆ ಶಸ್ತ್ರ ಹಿಡಿದವರೇ ಮಾಕೀ ಬಣದವರು. ಅವರನ್ನು ಹಿಡಿಯಹೊರಟ ವಾಯೇಜರ್ ನೌಕೆಯೂ ಅವರ ನೌಕೆಯೂ 70,000 ಜ್ಯೋತಿರ್ವರ್ಷಗಳಾಚೆ ಒಯ್ಯಲ್ಪಡುತ್ತವೆ. ಮಾಕೀಗಳ ನೌಕೆ ನಾಶವಾಗುತ್ತದೆ. ಮನೆಗೆ 75 ವರ್ಷಗಳ ದಾರಿ. ನಾಯಕಿ ಜೇನ್‌ವೇ ಮಾಕೀ ಮುಖಂಡ ಚಕೋಟೇಯನ್ನು ಉಪನಾಯಕನನ್ನಾಗಿಸುತ್ತಾಳೆ. ಆರಂಭದ ಕಥೆ ಮುಗಿಯುವಷ್ಟರಲ್ಲಿ ಮಾಕೀಗಳೂ ಒಕ್ಕೂಟದ ಸಮವಸ್ತ್ರ ತೊಟ್ಟಿರುತ್ತಾರೆ.

ನಮ್ಮ ಆಕ್ಷೇಪ ಇಲ್ಲಿದೆ. ಎರಡು ಬಣಗಳು ಸೇರಿದವು ಎನ್ನುವಾಗ ಉಡುಪು ಬದಲಿಸಿದವರು ಒಂದು ಬಣದವರು ಮಾತ್ರ. ಒಪ್ಪಂದ ನ್ಯಾಯವಾಗಿತ್ತೇ ಎಂಬ ಪ್ರಶ್ನೆ ಉಡುಪಿನಡಿ ಹೂತುಹೋಗುತ್ತದೆ.

ಸರಣಿಗೆ ಮಾರ್ಗ ತಿಳಿಯದಿರಲಿಲ್ಲ. ‘ಪ್ಯಾರಲಾಕ್ಸ್’ ಎಂಬ ಕಂತಿನಲ್ಲಿ ಮಾಕೀ ಬಣದ ಟೊರೆಸ್, ಒಕ್ಕೂಟದ ಅಧಿಕಾರಿ ಕೇರಿಯ ಮೂಗು ಮುರಿದವಳು. ಆದರೂ ಜೇನ್‌ವೇ ಅವಳ ಸಾಮರ್ಥ್ಯವನ್ನು ಪರೀಕ್ಷಿಸಿ ಮುಖ್ಯ ಎಂಜಿನಿಯರ್ ಪದವಿ ಕೊಡುತ್ತಾಳೆ. ಇದು ನಮಗೆ ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವನ್ನು ನೆನಪಿಸುತ್ತದೆ. ಗ್ರೀಕ್ ಮಾತನಾಡುವ ವಿಧವೆಯರು ಅಲಕ್ಷ್ಯಕ್ಕೊಳಗಾದಾಗ ಆರಿಸಲಾದ ಏಳು ಮಂದಿಯ ಹೆಸರುಗಳೂ ಗ್ರೀಕ್. ಪ್ರೇಷಿತರು ದೂರಿದವರ ಬಾಯಿ ಮುಚ್ಚಿಸಲಿಲ್ಲ, ಹೊಣೆಯನ್ನು ಹಂಚಿಕೊಂಡರು.

ಮುಂದೆ ಆ ಎಚ್ಚರ ಸಡಿಲುತ್ತದೆ. ಮೂರನೆಯ ಆವೃತ್ತಿಯಲ್ಲಿ ಮಾಕೀ ದಂಗೆಯ ಕಲ್ಪಿತ ಕಥೆಯೊಂದು ನೌಕೆಯವರಿಗೆ ಮನರಂಜನೆಯಾಗುತ್ತದೆ. ನಾಲ್ಕನೆಯದರಲ್ಲಿ, ಊರಿನಲ್ಲುಳಿದ ಮಾಕೀಗಳು ಹತರಾದ ಸುದ್ದಿ ಬರುತ್ತದೆ. ಐದನೆಯದರಲ್ಲಿ ಅದೇ ದುಃಖದಿಂದ ಟೊರೆಸ್ ತನ್ನನ್ನೇ ಗಾಯಗೊಳಿಸಿಕೊಳ್ಳುತ್ತಾಳೆ. ಅವಳನ್ನು ಎದುರುಗೊಂಡು ಮಾತನಾಡಿಸುವವನು ಚಕೋಟೇ, ಅಂದರೆ ಅವಳದೇ ಬಣದವನು. ಸಮುದಾಯವೊಂದರ ಶೋಕ ಇಲ್ಲಿ ಒಬ್ಬಳ ಕಾಯಿಲೆಯಾಗಿ ಕುಗ್ಗುತ್ತದೆ. ನೌಕೆಯೆಲ್ಲ ಸೇರಿ ಅಳುವ ಬಲಿಪೀಠ ಅಲ್ಲಿಲ್ಲ.

ಎಫೆಸದವರಿಗೆ ಬರೆದ ಪತ್ರದ ಪ್ರಕಾರ ಹಗೆಯ ಗೋಡೆ ಉರುಳಿದ್ದು ಕ್ರಿಸ್ತರ ಶರೀರದಲ್ಲಿ. ಅದಕ್ಕೆ ತೆತ್ತ ಬೆಲೆ ಶಿಲುಬೆ. ಸರಣಿಯ ಕೊರತೆಯನ್ನು ಎಣಿಸುವ ನಾವೂ ಒಂದೇ ನಿಲುವಂಗಿ ತೊಟ್ಟವರು. ಭಾಷೆ, ಜಾತಿ, ಪ್ರಾಂತ್ಯಗಳ ನೋವು ಅದರಡಿ ಮೌನವಾಗಿದ್ದರೆ, ಆ ಮೌನವನ್ನು ನಾವು ಐಕ್ಯವೆಂದು ಕರೆಯಬಾರದು. ಪಕ್ಕದ ಸಹೋದರನ ದೂರನ್ನು ಕೇಳಿಸಿಕೊಳ್ಳದೆ ಬಲಿಪೂಜೆಯಲ್ಲಿ ಅವನಿಗೆ ಶಾಂತಿ ಕೋರುವುದು ಹೇಗೆ?