‘ನೈಸ್’ ಎಂಬ ಶಬ್ದದ ಅರ್ಥವಿಚಾರ

ಇಂಗ್ಲಿಷಿನಲ್ಲಿ ‘ನೈಸ್’ ಎಂಬುದು ಇಂದು ಊಟ, ಉಡುಪು, ಹವೆ, ಮನುಷ್ಯಸ್ವಭಾವ ಇವೆಲ್ಲಕ್ಕೂ ಸಮಾನವಾಗಿ ಸಲ್ಲುವ ಮೆಚ್ಚುನುಡಿ. ಇದರ ಮೂಲವಾದರೋ ಮೆಚ್ಚುಗೆಗೆ ತೀರ ದೂರವಾದುದು. ಲ್ಯಾಟಿನ್ ಭಾಷೆಯ ‘ನೆಸ್ಕಿಯುಸ್’ ಎಂದರೆ ಅರಿಯದವನು. ‘ನೆ’ ನಿಷೇಧಾರ್ಥಕ, ‘ಸ್ಕೀರೆ’ ಎಂದರೆ ಅರಿಯುವುದು. ಪ್ರಾಚೀನ ಫ್ರೆಂಚಿನ ಮೂಲಕ 1300ರ ಸುಮಾರಿಗೆ ಇಂಗ್ಲಿಷನ್ನು ಸೇರಿದಾಗ ಇದರ ಅರ್ಥ ‘ಮೂಢ’. ತರುವಾಯ ಸ್ವೇಚ್ಛಾಚಾರಿ, ಅತಿನಾಜೂಕಿನ, ಸೂಕ್ಷ್ಮವಾದ ಎಂಬ ಅರ್ಥಗಳು ಕೂಡಿಕೊಂಡುವು. ‘ಹಿತವಾದ’ ಎಂಬ ಅರ್ಥವು ರೂಢಿಗೆ ಬಂದುದು 18ನೆಯ ಶತಮಾನದಲ್ಲಿ.

ಈ ಚರಿತ್ರೆಯನ್ನರಿಯದ ವಾಚಕನು ಹಳೆಯ ಕೃತಿಗಳಲ್ಲಿ ಎಡವುವನು. ಷೇಕ್ಸ್‌ಪಿಯರನ ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕದ 5ನೆಯ ಅಂಕದಲ್ಲಿ, ರೋಮಿಯೋವಿಗೆ ಕಳುಹಿದ ಓಲೆಯು ತಲಪಲಿಲ್ಲವೆಂದು ಕೇಳಿದ ಲಾರೆನ್ಸ್ ಸಂನ್ಯಾಸಿಯು, ಅದು ‘ನೈಸ್’ ಆದುದಲ್ಲವೆನ್ನುತ್ತಾನೆ. ಈಗಿನ ಅರ್ಥವನ್ನು ಹಿಡಿದರೆ ಓಲೆಯು ಅಪ್ರಿಯವಾಗಿದ್ದಿತೆಂದಾಗುವುದು. ಅಲ್ಲಿನ ಅರ್ಥವು ‘ಕ್ಷುಲ್ಲಕ’. ಪ್ರೇಮಿಗಳಿಬ್ಬರ ಪ್ರಾಣವೂ ಆ ಓಲೆಯನ್ನವಲಂಬಿಸಿರುವಾಗ, ಈ ಒಂದು ಶಬ್ದ ತಪ್ಪಿದರೆ ಸನ್ನಿವೇಶದ ಗಾಂಭೀರ್ಯವೇ ಕುಂದುವುದು.

ಹಾಗೆಂದು, ಹಳೆಯ ಅರ್ಥವೇ ಶುದ್ಧ, ಹೊಸದು ಅಪಭ್ರಷ್ಟ ಎಂಬ ವಾದವೂ ನಿಲ್ಲಲಾರದು. 1817ರ ಕೊನೆಯಲ್ಲಿ ಪ್ರಕಟವಾದ ಜೇನ್ ಆಸ್ಟಿನ್ನಳ ‘ನಾರ್ಥ್ಯಾಂಗರ್ ಅಬ್ಬೆ’ ಕಾದಂಬರಿಯಲ್ಲಿ, ಕ್ಯಾಥರೀನಳು ತಾನು ಮೆಚ್ಚಿದ ಗ್ರಂಥವನ್ನು ‘ನೈಸ್’ ಎಂದುದಕ್ಕೆ ಹೆನ್ರಿ ಟಿಲ್ನಿ ಪರಿಹಾಸ ಮಾಡುತ್ತಾನೆ. ಅಚ್ಚುಕಟ್ಟು, ಔಚಿತ್ಯ, ನಯ ಇವಕ್ಕಷ್ಟೇ ಈ ಶಬ್ದವು ಮೊದಲು ಸಲ್ಲುತ್ತಿದ್ದಿತೇನೋ ಎಂಬುದು ಆತನ ಊಹೆ. ನಡುಗಾಲದ ಅರ್ಥವನ್ನೇ ಆತನು ಮೂಲವೆಂದು ಭ್ರಮಿಸಿದ್ದಾನೆ. ನಿಜವಾದ ಮೂಲಕ್ಕೇ ಹೋದರೆ ಆತನ ವಾದವೂ ಬಿದ್ದುಹೋಗುವುದು. ಆತನ ತಂಗಿಯ ಉತ್ತರವು ಇನ್ನೂ ಮಾರ್ಮಿಕವಾದುದು: ವಿವೇಕಕ್ಕಿಂತಲೂ ‘ನೈಸ್’ತನವೇ ಅಣ್ಣನಲ್ಲಿ ಹೆಚ್ಚೆಂದು ಆಕೆ ಚುಚ್ಚುತ್ತಾಳೆ. ಇಲ್ಲಿ ಅತಿನಾಜೂಕೆಂಬ ಅರ್ಥವೇ ವಿವಕ್ಷಿತ. ಹೀಗೆ ಒಂದೇ ಸಂಭಾಷಣೆಯಲ್ಲಿ ಮೂರು ಅರ್ಥಗಳು ಜೀವಂತವಾಗಿವೆ, ಯಾವುದೂ ತಪ್ಪಲ್ಲ.

ಇಂತಹ ಅರ್ಥಪಲ್ಲಟವು ಕನ್ನಡಿಗರಿಗೆ ಹೊಸದಲ್ಲ. ಸಂಸ್ಕೃತದ ‘ಮುಹ್’ ಧಾತುವಿನಿಂದ ಹುಟ್ಟಿದ ‘ಮುಗ್ಧ’ ಶಬ್ದಕ್ಕೆ ಮೋಹಗೊಂಡ, ಮೂಢ ಎಂಬ ಅರ್ಥಗಳುಂಟು. ನಿಷ್ಕಪಟ, ಮನೋಹರ ಎಂಬುವೂ ಉಂಟು. ಮುಗ್ಧಾ ನಾಯಿಕೆಯನ್ನು ಮೂಢಳೆಂದು ವ್ಯಾಖ್ಯಾನಿಸುವ ರಸಿಕನಿಲ್ಲ.

ಆದಕಾರಣ ವಿಮರ್ಶಕನಿಗೆ ಶಬ್ದದ ಚರಿತ್ರೆಯು ದೀಪವಾಗಬೇಕೇ ಹೊರತು ದಂಡವಾಗಬಾರದು. ಶಬ್ದವು ಹುಟ್ಟಿದ ಬಗೆಯನ್ನು ನಿಷ್ಪತ್ತಿಯು ತಿಳಿಸೀತು. ಅದರ ಅರ್ಥವನ್ನು ನಿರ್ಣಯಿಸತಕ್ಕುದು ಆಯಾ ಕಾಲದ ಪ್ರಯೋಗವೇ.