ಪ್ರಶ್ನಾವಳಿಗೆ ಕಾಣದ ಹುಡುಗಿ

ಹದಿಹರೆಯದ ಹುಡುಗಿಯರು ಶಾಲೆಯ ದೈಹಿಕ ಶಿಕ್ಷಣದಿಂದ ಹಿಂದೆ ಸರಿಯುವುದೇಕೆ ಎಂಬ ಪ್ರಶ್ನೆಗೆ ಉತ್ತರ ಕೊಡುವ ಗುತ್ತಿಗೆಯನ್ನು ಬಹುಕಾಲದಿಂದ ಹಿಡಿದಿರುವುದು ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಅವರ ಸ್ವಯಂನಿರ್ಣಯ ಸಿದ್ಧಾಂತ. ಸ್ವಾಯತ್ತತೆ, ಸಾಮರ್ಥ್ಯ, ಬಾಂಧವ್ಯಗಳ ಹಸಿವು ತೀರಿದರೆ ಪ್ರೇರಣೆ ಒಳಗಿನಿಂದಲೇ ಹುಟ್ಟುತ್ತದೆ ಎಂಬ ಅದರ ವಾದ ಪರಿಚಿತವೇ. ಸಿದ್ಧಾಂತಕ್ಕೆ ಸಿಕ್ಕಿರುವ ಮರ್ಯಾದೆ ಅದರ ಅಳತೆಗೋಲಿಗೆ ಸಲ್ಲುವಂಥದ್ದಲ್ಲ.

ಗೂಡಾಸ್, ಬಿಡಲ್ ಮತ್ತು ಫಾಕ್ಸ್ 1994ರಲ್ಲಿ ದೈಹಿಕ ಶಿಕ್ಷಣದ ತರಗತಿಗೆ ಒಗ್ಗಿಸಿದ ಪ್ರಶ್ನಾವಳಿಯೇ ಆ ಅಳತೆಗೋಲು. ತಾನು ಭಾಗವಹಿಸುವುದೇಕೆ ಎಂಬುದಕ್ಕೆ ಪಟ್ಟಿಮಾಡಿದ ಕಾರಣಗಳನ್ನು ಎಷ್ಟರಮಟ್ಟಿಗೆ ಒಪ್ಪುತ್ತೇನೆಂದು ವಿದ್ಯಾರ್ಥಿನಿ ಗುರುತು ಹಾಕಬೇಕು: ಬೈಗುಳದ ಭಯ, ಅಳುಕು, ಕಲಿಯುವ ಆಸೆ, ಖುಷಿ. ಇವುಗಳ ಜೊತೆಗೆ ಪ್ರೇರಣಾಶೂನ್ಯತೆಯ ಸಾಲುಗಳಿವೆ; ಯಾಕೆ ಬರುತ್ತೇನೋ ಗೊತ್ತಿಲ್ಲ, ಹೊತ್ತು ಹಾಳು ಎಂಬ ಧಾಟಿಯವು. ಎಡವಟ್ಟಾಗುವುದು ಇಲ್ಲಿ. ಮುಟ್ಟಿನ ದಿನ ಮೈದಾನದ ಅಂಚಿನಲ್ಲಿ ಕೂತವಳಿಗೆ, ಹುಡುಗರ ಕಣ್ಣಿಗಂಜಿ ದುಪಟ್ಟಾ ಬಿಗಿದು ಥ್ರೋಬಾಲ್ ಅಂಕಣದ ಮೂಲೆಯಲ್ಲಿ ನಿಂತವಳಿಗೆ, ತಾನು ಯಾಕೆ ಆಡುತ್ತಿಲ್ಲವೆಂಬುದು ಚೆನ್ನಾಗಿಯೇ ಗೊತ್ತು. ಹಾಳೆ ಕೇಳುವುದು ಆಡುವ ಕಾರಣವನ್ನು. ಆಡದಿರುವ ಕಾರಣ ಬರೆಯಲು ಅಲ್ಲಿ ಜಾಗವಿಲ್ಲ. ಹೀಗಾಗಿ ಅವಳ ಖಚಿತ ತಿಳಿವಳಿಕೆ ‘ಗೊತ್ತಿಲ್ಲ’ ಎಂದು ದಾಖಲಾಗುತ್ತದೆ. ಆಮೇಲೆ ಶೂನ್ಯವೆನಿಸಿಕೊಳ್ಳುವುದು ಅವಳ ಮನಸ್ಸು, ಮೈದಾನವಲ್ಲ.

ಸಿದ್ಧಾಂತದ ಪಕ್ಷದವರು ಸುಮ್ಮನಿಲ್ಲ. ಪ್ರೇರಣಾಶೂನ್ಯತೆಯನ್ನು ಸಾಮರ್ಥ್ಯ, ಶ್ರಮ, ಮೌಲ್ಯ, ಚಟುವಟಿಕೆಯ ಸ್ವರೂಪ ಎಂದು ನಾಲ್ಕಾಗಿ ಒಡೆದಿದ್ದೇವೆ, ಶಿಕ್ಷಕರ ಬೆಂಬಲವನ್ನೂ ಅಳೆಯುತ್ತೇವೆ ಎನ್ನುತ್ತಾರೆ. ಮೈಮೇಲೆ ಬೀಳುವ ನೋಟ ಆ ನಾಲ್ಕರಲ್ಲಿ ಯಾವ ಖಾನೆಗೂ ಸೇರದು. ಬೆಂಬಲದ ಅಳತೆಯೂ ಹುಡುಗಿಯ ಅನಿಸಿಕೆಯದೇ; ಬಟ್ಟೆ ಬದಲಿಸುವ ಕೋಣೆಗೆ ಚಿಲಕವಿದೆಯೇ ಎಂದು ಯಾರೂ ಎದ್ದುಹೋಗಿ ನೋಡುವುದಿಲ್ಲ. ಇನ್ನೊಂದು ಮಾತು: ವಿಶ್ವ ಆರೋಗ್ಯ ಸಂಸ್ಥೆಯ 2016ರ ಅಂದಾಜಿನಂತೆ ದಿನಕ್ಕೆ 60 ನಿಮಿಷದ ಚಟುವಟಿಕೆಯ ಮಟ್ಟ ಮುಟ್ಟದ ಹುಡುಗಿಯರು ಶೇ. 85, ಹುಡುಗರು ಶೇ. 78. ಆದರೂ ‘ಸಮಸ್ಯೆ’ ಎನಿಸಿಕೊಳ್ಳುವವರು ಹುಡುಗಿಯರೇ.

ಬ್ರಿಟನ್ನಿನ ಶೀಲಾ ಸ್ಕ್ರೇಟನ್ 1992ರಲ್ಲೇ ಬೆರಳನ್ನು ಹುಡುಗಿಯರಿಂದ ಶಾಲೆಯತ್ತ ತಿರುಗಿಸಿದ್ದರು. ಕಿಂಬರ್ಲಿ ಆಲಿವರ್ ಮತ್ತು ಡೇವಿಡ್ ಕರ್ಕ್ 2015ರ ಪುಸ್ತಕದಲ್ಲಿ ಮುಂದಿನ ಹೆಜ್ಜೆಯಿಟ್ಟರು: ಅಡ್ಡಿ ಯಾವುದೆಂದು ಹುಡುಗಿಯರೇ ಗುರುತಿಸಲಿ, ಪಾಠವನ್ನು ಶಿಕ್ಷಕರೊಡನೆ ಕೂತು ಅವರೇ ಕಟ್ಟಲಿ. ಇಂಥ ಪ್ರಯೋಗಗಳ ಗುಂಪುಗಳು ಚಿಕ್ಕವು, ಫಲ ಅಂಕಿಗೆ ಸುಲಭವಾಗಿ ಸಿಗದು ಎಂಬ ಆಕ್ಷೇಪ ನಿಜ. ಹಲವು ತರಗತಿಗಳಿಗೆ ಒಬ್ಬರೇ ಪಿ.ಟಿ. ಶಿಕ್ಷಕರಿರುವ ಶಾಲೆಯಲ್ಲಿ ಇದು ಇಡಿಯಾಗಿ ನಡೆಯುವುದೂ ಕಷ್ಟ. ಆದರೆ ಅದರ ಮೊದಲ ಹೆಜ್ಜೆ, ಅಂದರೆ ಬೇಡವೆನ್ನುವವಳ ಕಾರಣ ಕೇಳಿ ಮೈದಾನದ ಸಮಯ, ಸಮವಸ್ತ್ರ, ಆಟಗಳ ಪಟ್ಟಿಯನ್ನು ಬದಲಿಸುವುದು, ಪ್ರಶ್ನಾವಳಿ ಹಂಚುವುದಕ್ಕಿಂತ ಹೆಚ್ಚು ಖರ್ಚಿನ ಕೆಲಸವೇನಲ್ಲ.