ರೇಡಿಯೊ ಕರೆದಲ್ಲಿಗೆ ಓಡುವ ಸಫಾರಿ

ಕೀನ್ಯಾದ ಮಸಾಯಿ ಮಾರಾದಲ್ಲಿ ಒಂದು ಸಫಾರಿ ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಲು ಕಣ್ಣಿಗಿಂತ ಕಿವಿಯೇ ಮೇಲು. ವಾಹನದ ಮುಂಭಾಗದಲ್ಲಿ ರೇಡಿಯೊ ಗೊರಗೊರ ಎನ್ನುತ್ತಿರುತ್ತದೆ. ಸಿಂಹ ಎಲ್ಲಿ ಮಲಗಿದೆ, ಚಿರತೆ ಯಾವ ಮರ ಹತ್ತಿದೆ ಎಂದು ಚಾಲಕರು ಸ್ವಾಹಿಲಿಯಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಸುದ್ದಿ ಬಿತ್ತೋ, ಅಷ್ಟು ಹೊತ್ತೂ ಆನೆಹಿಂಡಿನ ಪಕ್ಕ ನಿಂತಿದ್ದ ಗಾಡಿ ಧೂಳೆಬ್ಬಿಸಿಕೊಂಡು ಹೊರಟೇಬಿಡುತ್ತದೆ. ಸ್ವಲ್ಪ ಹೊತ್ತಿನಲ್ಲೇ ಒಂದು ಮರದ ಸುತ್ತ ಲ್ಯಾಂಡ್ ಕ್ರೂಸರ್‌ಗಳ ಜಾತ್ರೆ. ಇಂಥ ಸಫಾರಿಯಲ್ಲಿ ಗೈಡ್‌ಗೆ ಕಾಡು ಗೊತ್ತಿರಬೇಕೆಂದೇನೂ ಇಲ್ಲ, ದಾರಿ ಗೊತ್ತಿದ್ದರೆ ಸಾಕು.

ಈ ಓಟದ ಹಿಂದೆ ಇರುವುದು ‘ಬಿಗ್ ಫೈವ್’ ಪಟ್ಟಿ: ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡೆಮ್ಮೆ. ಕಾಲ್ನಡಿಗೆಯಲ್ಲಿ ಬೇಟೆಯಾಡಲು ಅತಿ ಅಪಾಯಕಾರಿ ಎಂದು ಹಳೆಯ ಬೇಟೆಗಾರರು ಎಣಿಸಿದ್ದ ಐದು ಪ್ರಾಣಿಗಳಿವು. ಕೀನ್ಯಾ 1977ರಲ್ಲೇ ಬೇಟೆಯನ್ನು ನಿಷೇಧಿಸಿತು. ಬಂದೂಕು ಹೋಯಿತು, ಪಟ್ಟಿ ಮಾತ್ರ ಟೂರ್ ಕಂಪನಿಗಳ ಕರಪತ್ರದಲ್ಲಿ ಹಾಗೇ ಉಳಿಯಿತು. ಚೀತಾ, ಜಿರಾಫೆ, ಕತ್ತೆಕಿರುಬ ಯಾವುದೂ ಅದರಲ್ಲಿಲ್ಲ. ಐದೂ ಸಿಕ್ಕಿದ ಮೇಲೆ ಪ್ರವಾಸಿಗರು ‘ಆಯ್ತು’ ಎಂದು ನಿಟ್ಟುಸಿರು ಬಿಡುವುದನ್ನು ನೋಡಿದರೆ, ಕಾಡಿಗೆ ಬಂದವರು ಪರೀಕ್ಷೆ ಮುಗಿಸಿ ಹೊರಟಂತಿರುತ್ತದೆ.

ಗಾಡಿಗಳ ದಟ್ಟಣೆ ಕಣ್ಣಿಗೆ ಕಿರಿಕಿರಿ ಎನ್ನುವಷ್ಟಕ್ಕೆ ಮುಗಿಯುವ ವಿಷಯವಲ್ಲ. ಮಾರಾದ ಚೀತಾಗಳ ಕುರಿತು ಫೆಮ್ಕೆ ಬ್ರೂಕ್‌ಹೈಸ್ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಪ್ರವಾಸಿಗರು ಕಡಿಮೆ ಇರುವ ಕಡೆ ತಾಯಿ ಚೀತಾ ಸರಾಸರಿ 2.3 ಮರಿಗಳನ್ನು ಸ್ವತಂತ್ರವಾಗುವ ವಯಸ್ಸಿನವರೆಗೆ ಬೆಳೆಸುತ್ತದೆ. ಪ್ರವಾಸಿಗರು ಕಿಕ್ಕಿರಿದಿರುವ ಕಡೆ ಈ ಸರಾಸರಿ 0.2ಕ್ಕೆ ಇಳಿಯುತ್ತದೆ. ಸಿಂಹ, ಚಿರತೆಗಳಾದರೆ ಕತ್ತಲಲ್ಲಿ ಬೇಟೆಗೆ ಹೊರಡಬಲ್ಲವು. ಚೀತಾಗೆ ಬೇಕಾದದ್ದು ಹಗಲು, ಬಯಲು ಮತ್ತು ಅಡ್ಡಿಯಿಲ್ಲದ ಓಟ. ಸಫಾರಿಗೂ ಬೇಕಾದದ್ದು ಅದೇ ಹಗಲು, ಅದೇ ಬಯಲು. ಚೀತಾ ಹುಲ್ಲೆಯ ಮೇಲೆ ಕಣ್ಣಿಟ್ಟು ಹೊಂಚು ಹಾಕುತ್ತಿರುವಾಗ ಎಂಟು ಹತ್ತು ಗಾಡಿಗಳು ಸುತ್ತುವರಿದರೆ ಹುಲ್ಲೆಗೆ ಸುಳಿವು ಸಿಕ್ಕಂತೆಯೇ. ಬೇಟೆ ಸಿಕ್ಕಿದರೂ, ಗಾಡಿಗಳು ಗುಂಪುಗೂಡಿದ್ದು ಕತ್ತೆಕಿರುಬಗಳ ಗಮನಕ್ಕೂ ಬರಬಹುದು.

ನಿಯಮಗಳಿಲ್ಲವೇ? ಇವೆ. ಒಂದು ಪ್ರಾಣಿಯ ಬಳಿ ಐದಕ್ಕಿಂತ ಹೆಚ್ಚು ವಾಹನ ನಿಲ್ಲಬಾರದು, 25 ಮೀಟರ್ ಅಂತರ ಇರಬೇಕು, ಬೇರೆಯವರು ಕಾಯುತ್ತಿದ್ದರೆ ಹತ್ತು ನಿಮಿಷಕ್ಕೆ ಜಾಗ ಬಿಡಬೇಕು.

ನಿಯಮ ಮುರಿದಾಗ ಬೈಗುಳ ಬೀಳುವುದು ಚಾಲಕನಿಗೆ. ಅದು ಅರ್ಧ ನ್ಯಾಯ ಅಷ್ಟೇ. ಆತನ ಆದಾಯದಲ್ಲಿ ಪ್ರವಾಸಿಗರ ಟಿಪ್ಸ್‌ಗೆ ದೊಡ್ಡ ಪಾಲು. ಸಿಂಹದ ಮೀಸೆ ಕಾಣುವಷ್ಟು ಹತ್ತಿರ ಹೋದವನಿಗೆ ನೋಟು ಸಿಗುತ್ತದೆ. ದೂರದಲ್ಲೇ ನಿಂತು ‘ಇಷ್ಟು ಸಾಕು’ ಎಂದವನಿಗೆ ಒಂದು ಥ್ಯಾಂಕ್ಸ್. ಹಿಂದಿನ ಸೀಟಿನಿಂದ ‘ಇನ್ನೂ ಸ್ವಲ್ಪ ಮುಂದೆ’ ಎನ್ನುವ ಧ್ವನಿ ಯಾವ ದಂಡದ ರಸೀತಿಯಲ್ಲೂ ದಾಖಲಾಗುವುದಿಲ್ಲ. ಸುಮಾರು ಹದಿಮೂರು ಲಕ್ಷ ವಿಲ್ಡಬೀಸ್ಟ್‌ಗಳ ವಲಸೆಯ ವೇಳೆ ಮಾರಾ ನದಿಯ ದಂಡೆಯಲ್ಲಿ ಇದರ ಅತಿರೇಕ ಕಾಣಸಿಗುತ್ತದೆ. 2025ರ ಜುಲೈನಲ್ಲಿ ತಾಂಜಾನಿಯಾದ ಸೆರೆಂಗೆಟಿ ಬದಿಯಲ್ಲಿ ಪ್ರವಾಸಿಗರು ಗಾಡಿಯಿಂದಿಳಿದು, ಪ್ರಾಣಿಗಳು ನೀರಿಗಿಳಿಯುವ ದಾರಿಗೇ ಅಡ್ಡಲಾಗಿ ನಿಂತ ವಿಡಿಯೊ ಲೋಕವೆಲ್ಲ ಸುತ್ತಿತು.

ಹಾಗೆಂದು ಸಫಾರಿಯನ್ನೇ ತಳ್ಳಿಹಾಕುವುದು ಸೋಮಾರಿ ವಿಮರ್ಶೆ. ಒಳ್ಳೆಯ ಗೈಡ್ ಸಿಕ್ಕರೆ ಇದೇ ಬಯಲು ಬೇರೆಯಾಗಿ ಕಾಣುತ್ತದೆ. ಇಂಪಾಲಾಗಳೆಲ್ಲ ಮೇಯುವುದು ಬಿಟ್ಟು ಒಂದೇ ದಿಕ್ಕಿಗೆ ಮುಖ ಮಾಡಿದ್ದೇಕೆ, ರಣಹದ್ದುಗಳು ಇಳಿಯುತ್ತಿವೆಯೋ ಬರೀ ಸುತ್ತುತ್ತಿವೆಯೋ, ಆನೆ ಲದ್ದಿ ಎಷ್ಟು ಹಳೆಯದು ಎಂಬುದನ್ನೆಲ್ಲ ಆತ ಗಮನಿಸುತ್ತಾನೆ, ನೋಡಲು ಕಲಿಸುತ್ತಾನೆ. ಕೀನ್ಯಾದಲ್ಲಿ ವೃತ್ತಿಪರ ಸಫಾರಿ ಗೈಡ್‌ಗಳ ಸಂಘ ಪರೀಕ್ಷೆ ನಡೆಸಿ ಕಂಚು, ಬೆಳ್ಳಿ, ಚಿನ್ನದ ದರ್ಜೆ ಕೊಡುತ್ತದೆ. ಹೋಟೆಲಿಗೆ ಎಷ್ಟು ನಕ್ಷತ್ರ ಎಂದು ವಿಚಾರಿಸುವವರು ಗೈಡ್‌ನ ದರ್ಜೆ ವಿಚಾರಿಸುವುದು ಅಪರೂಪ.

ಮಾರಾದ ಪಕ್ಕದ ಕನ್ಸರ್ವೆನ್ಸಿಗಳು ಇನ್ನೊಂದು ದಾರಿ ತೋರಿಸಿವೆ. ಓಲಾರೆ ಮೊಟೊರೊಗಿ, ನಬೋಯಿಶೊ, ಮಾರಾ ನಾರ್ತ್ ಇವೆಲ್ಲ ಮಸಾಯಿ ಕುಟುಂಬಗಳ ಸ್ವಂತ ಜಮೀನು. ಕ್ಯಾಂಪ್ ನಡೆಸುವವರು ಅವರಿಗೆ ಬಾಡಿಗೆ ಕೊಡುತ್ತಾರೆ, ಮನಬಂದಷ್ಟು ಡೇರೆ ಹಾಕುವಂತಿಲ್ಲ. ಓಲಾರೆ ಮೊಟೊರೊಗಿಯಲ್ಲಿ 700 ಎಕರೆಗೆ ಒಂದೇ ಡೇರೆ. ಜನ ಕಡಿಮೆ, ಆದ್ದರಿಂದ ಗಾಡಿಯೂ ಕಡಿಮೆ. ಆದರೆ ಈ ನೆಮ್ಮದಿಯ ಬೆಲೆ ಮಧ್ಯಮ ವರ್ಗದ ಕೈಗೆ ಎಟುಕುವುದಿಲ್ಲ; ಕಾಡನ್ನು ಉಳಿಸುವ ಮಾದರಿ ಶ್ರೀಮಂತರಿಗೇ ಮೀಸಲಾಗಿಬಿಡುವುದು ಇದರ ನಿಜವಾದ ಕೊರತೆ.

ರೇಡಿಯೊ ಚಟಕ್ಕೆ ಮದ್ದು ಜಾಂಬಿಯಾದಲ್ಲಿದೆ. ನಾರ್ಮನ್ ಕಾರ್ 1950ರಲ್ಲಿ ನ್ಸೆಫು ಎಂಬ ಸ್ಥಳೀಯ ಮುಖ್ಯಸ್ಥನ ಒಪ್ಪಿಗೆ ಪಡೆದು, ಬಂದ ಹಣ ಆ ಸಮುದಾಯಕ್ಕೇ ಸಲ್ಲುವಂತೆ ಲುವಾಂಗ್ವಾ ಕಣಿವೆಯಲ್ಲಿ ಪ್ರವಾಸಿ ಕ್ಯಾಂಪ್ ತೆರೆದ. ಮುಂದೆ ಆತ ಬೆಳೆಸಿದ ನಡಿಗೆ ಸಫಾರಿ ಇಂದಿಗೂ ದಕ್ಷಿಣ ಲುವಾಂಗ್ವಾದ ಹೆಗ್ಗುರುತು. ಮುಂದೆ ಬಂದೂಕುಧಾರಿ ಕಾವಲುಗಾರ, ಹಿಂದೆ ಗೈಡ್, ಆಮೇಲೆ ಒಬ್ಬರ ಹಿಂದೊಬ್ಬರಂತೆ ಪ್ರವಾಸಿಗರು. ನಡೆಯುವವರಿಗೆ ಸಿಂಹ ಸಿಗದೇ ಹೋಗಬಹುದು, ಹೆಜ್ಜೆಗುರುತು, ಗೆದ್ದಲು ಹುತ್ತ, ಸಗಣಿ ಹುಳು ಸಿಕ್ಕೇ ಸಿಗುತ್ತವೆ. ಗಾಡಿಯಲ್ಲಿ ಕುಳಿತವನಿಗೆ ಗೊತ್ತಾಗದ ಗಾಳಿಯ ದಿಕ್ಕು ಇಲ್ಲಿ ಪ್ರಾಣಭಯದ ವಿಷಯ.

ಒಳ್ಳೆಯ ಗೈಡ್‌ಗಳೂ ಸಾಮಾನ್ಯವಾಗಿ ಹಾರಿಸಿಬಿಡುವ ಅಧ್ಯಾಯ ಒಂದಿದೆ. ಸೆರೆಂಗೆಟಿ ‘ಮನುಷ್ಯ ಮುಟ್ಟದ ನೆಲ’ವೇನಲ್ಲ. ಅಲ್ಲಿ ದನ ಮೇಯಿಸುತ್ತಿದ್ದ ಮಸಾಯಿಗಳನ್ನು 1959ರಲ್ಲಿ ಹೊರಗೆ ಕಳಿಸಲಾಯಿತು. ಅವರಿಗೆ ಪಕ್ಕದ ಎನ್‌ಗೊರೊಂಗೊರೊ ಪ್ರದೇಶ ಕೊಡಲಾಯಿತು. ಅದೇ ವರ್ಷ ಬಂದ ಬರ್ನ್‌ಹಾರ್ಡ್ ಗ್ರ್ಜಿಮೆಕ್‌ನ ಸಾಕ್ಷ್ಯಚಿತ್ರ ಸೆರೆಂಗೆಟಿಯನ್ನು ಜಗತ್ಪ್ರಸಿದ್ಧಗೊಳಿಸಿ ಆಸ್ಕರ್ ಕೂಡ ಗೆದ್ದಿತು. ಕೆಂಪು ಶುಕಾ ಹೊದ್ದು ಜಿಗಿಯುವ ಮಸಾಯಿ ಯುವಕರ ಕುಣಿತವನ್ನು ಸಂಜೆಯ ಮನರಂಜನೆಗೆ ಇಟ್ಟುಕೊಳ್ಳುವ ಸಫಾರಿ, ಈ ಕಥೆಗೂ ಹತ್ತು ನಿಮಿಷ ಕೊಡಬಹುದು.

ಬೆಂಗಳೂರಿನಿಂದ ಹೊರಡುವ ಗುಂಪು ಪ್ರವಾಸಗಳಿಗೆ ಕಬಿನಿ, ಬಂಡೀಪುರಗಳ ಅಭ್ಯಾಸ ಬೆನ್ನಿಗಂಟಿರುತ್ತದೆ. ಅಲ್ಲಿ ಹುಲಿ ಕಾಣದಿದ್ದರೆ ಸಫಾರಿ ದಂಡ ಎನ್ನುವವರು ಮಾರಾದಲ್ಲೂ ಮೊದಲು ಕೇಳುವುದು ‘ಚಿರತೆ ಸಿಗುತ್ತಾ?’ ಎಂದು. ಬಹುತೇಕರು ಹೋಗುವುದು ಜುಲೈನಿಂದ ಅಕ್ಟೋಬರ್ ನಡುವೆ, ವಲಸೆಯ ಹೊತ್ತಿಗೆ. 2024ರಿಂದ ವಿದೇಶಿಯರಿಗೆ ಮಾರಾದ ಪ್ರವೇಶ ಶುಲ್ಕ ಜುಲೈನಿಂದ ಡಿಸೆಂಬರ್‌ವರೆಗೆ ದಿನಕ್ಕೆ 200 ಡಾಲರ್. ಜನವರಿಯಿಂದ ಜೂನ್‌ವರೆಗೆ ಅದರ ಅರ್ಧ. ನಮ್ಮ ಶಾಲೆಗಳ ಬೇಸಿಗೆ ರಜೆ ಬೀಳುವುದು ಈ ಅರ್ಧ ದರದ ಕಾಲದಲ್ಲೇ. ಆಗ ಅಲ್ಲಿ ದೀರ್ಘ ಮಳೆಗಾಲ. ಹುಲ್ಲು ಎತ್ತರ, ಮಣ್ಣು ಜಾರು, ಸಾಧಾರಣ ವ್ಯಾನ್‌ಗಳು ಹೂತುಕೊಳ್ಳುತ್ತವೆ. ಸಿಂಹಗಳು ಮಾತ್ರ ವಲಸೆ ಹೋಗದೆ ಅಲ್ಲೇ ಇರುತ್ತವೆ; ಅವನ್ನು ಹುಡುಕುವ ಗಾಡಿಗಳು ಕಡಿಮೆ ಇರುವುದರಿಂದ ಗೈಡ್ ಸ್ವಂತ ಕಣ್ಣನ್ನೇ ನಂಬಬೇಕಾಗುತ್ತದೆ.